ಗೀಜಗನ ಮನೆಗೆ ಬಾಗಿಲು ಕೆಳಗ್ಯಾಕೆ?

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಆಕಾಶಕ್ಕೆ ಅಂತ ಇಟ್ಟ ಬಾಗಿಲು ಪಾತಾಳಕ್ಕೆ ತೆರೆದಿದೆ. ಒಳಗಿದ್ದೋರು ಮಾತ್ರ ಬೀಳಲ್ಲ. ಏನದು?

ಬರಲಿಲ್ಲ ಅಲ್ವಾ? ಬರೋದೂ ಇಲ್ಲ. ತಲೆ ಕೆರೆದುಕೊಳ್ಳೋದು ಬಿಟ್ಟು ಕಥೆ ಕೇಳಿ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆಗ ಎಲ್ಲ ಹಕ್ಕಿಗಳ ಗೂಡೂ ಬಟ್ಟಲಿನ ಹಾಗೆ, ಬಾಯಿ ಮೇಲೆ. ಗೀಜಗನದೂ ಹಾಗೇ.

ಹೋದ ಮಳೆಗಾಲದಲ್ಲಿ ಗೀಜಗನ ಹೆಂಡತಿ ಇಟ್ಟ ಮೂರು ಮೊಟ್ಟೆಯನ್ನೂ ಹಾವು ನುಂಗಿಬಿಟ್ಟಿತ್ತು. ಈ ಸಲ ಅವಳು ಹಠ ಹಿಡಿದಳು.

"ರೀ, ಮನೆ ನೀವು ಕಟ್ಟಿ, ಜಾಗ ನಾನು ನೋಡ್ತೀನಿ. ನಾನು ಒಪ್ಪದೆ ಒಂದು ಮೊಟ್ಟೆನೂ ಇಡಲ್ಲ."

ಗೀಜಗ ಮಾವಿನ ಮರದಲ್ಲಿ ಅರ್ಧ ಗೂಡು ಕಟ್ಟಿ ಕರೆದ. ಅವಳು ಸಂಬಂಧ ನೋಡಲು ಬಂದ ಸೋದರತ್ತೆಯ ಹಾಗೆ ಸುತ್ತ ಕಣ್ಣಾಡಿಸಿದಳು.

"ಹತ್ತಿ ಬರೋರು ಯಾರು? ಹಾರಿ ಬರೋರು ಯಾರು? ಪಕ್ಕದಲ್ಲಿ ಯಾರು?"

"ಹತ್ತೋಕೆ ಹಾವು, ಹಾರೋಕೆ ಗಿಡುಗ, ಪಕ್ಕದಲ್ಲಿ ಕಾಗೆ," ಅಂದಿತು ಮಾವಿನ ಮರ. ಪಾಪ, ಅದಕ್ಕೆ ಸುಳ್ಳು ಬರುತ್ತಿರಲಿಲ್ಲ.

"ಬೇಡ," ಅಂದಳು.

ಗೀಜಗ ಬೇಲಿಯ ಮೇಲೆ ಇನ್ನೊಂದು ಅರ್ಧ ಗೂಡು ಕಟ್ಟಿದ. ಅವಳು ಅದೇ ಮೂರು ಪ್ರಶ್ನೆ ಕೇಳಿದಳು.

"ಹತ್ತೋಕೆ ಹಾವು, ಹಾರೋಕೆ ಗಿಡುಗ, ಪಕ್ಕದಲ್ಲಿ ಓತಿಕ್ಯಾತ," ಅಂದಿತು ಬೇಲಿ.

"ಬೇಡ."

ಅಷ್ಟರಲ್ಲಿ ಗಾಳಿ ಓಡಿ ಬಂತು. "ಬೇಗ ಬೇಗ! ನನ್ನ ಹಿಂದೇನೇ ಮೋಡ ಬರ್ತಿದೆ."

ಕೊನೆಗೆ ಸಿಕ್ಕಿದ್ದು ಒಂದು ಬಾವಿ, ಅದರ ಮೇಲೆ ಬಾಗಿದ ಜಾಲಿ ಮರ. (ಮನುಷ್ಯರೇ ಇಲ್ಲದ ಕಾಲದಲ್ಲಿ ಬೇಲಿ ಹಾಕಿದ್ದು ಯಾರು, ಬಾವಿ ತೋಡಿದ್ದು ಯಾರು ಅಂತ ಕೇಳಬೇಡಿ.)

"ಹತ್ತೋರಿಗೂ ಮುಳ್ಳು, ಹಾರೋರಿಗೂ ಮುಳ್ಳು. ಪಕ್ಕದಲ್ಲಂತೂ ಯಾರೂ ನಿಲ್ಲಲ್ಲ ತಾಯಿ," ಅಂದಿತು ಜಾಲಿ.

"ಕೆಳಗೆ ನಾನಿದ್ದೀನಿ," ಅಂದಿತು ಬಾವಿ.

"ಇಲ್ಲೇ!" ಅಂದಳು.

"ನೀರಿನ ಮೇಲೆ ಮನೆಯಾ? ಕಾಗೆ ನಗುತ್ತೆ ಕಣೇ!"

"ನಗಲಿ ಬಿಡಿ. ಅದೇನು ನಮ್ಮ ಮೊಟ್ಟೆ ಕಾಯುತ್ತಾ?"

ಗೀಜಗ ತಲೆಕೆಳಗಾಗಿ ಜೋತು ಬಿದ್ದು ನೇಯತೊಡಗಿದ. ಬಾವಿಯ ನೀರಲ್ಲಿ ನೀಲಿ ಬಾನು, ತೇಲುವ ಮೋಡ. 'ಓಹೋ, ಆಕಾಶ ಈ ಕಡೆ,' ಅಂದುಕೊಂಡು ಬಾಗಿಲನ್ನು ಆ ಕಡೆಗೇ ಇಟ್ಟ.

"ರೀ! ಬಾಗಿಲು ಬಾವಿಗಿಟ್ಟಿದ್ದೀರಲ್ರೀ! ಮೊಟ್ಟೆ ಈಜು ಕಲೀಬೇಕಾ?"

ಬಿಚ್ಚಿ ಕಟ್ಟೋಕೆ ಪುರಸೊತ್ತಿಲ್ಲ, ಮೊದಲ ಹನಿ ಬಿದ್ದೇಬಿಟ್ಟಿತು. ಗೀಜಗ ಗಡಿಬಿಡಿಯಲ್ಲಿ ಗೂಡಿನೊಳಗೆ ಒಂದು ಪಕ್ಕಕ್ಕೆ ಜೇಬಿನ ಹಾಗೆ ಚೀಲ ನೇಯ್ದ. ಅವಳು ಅದರಲ್ಲೇ ಮೊಟ್ಟೆ ಇಟ್ಟಳು.

ಹಾವು ಬಂತು. ಮುಳ್ಳಿನ ನಡುವೆ ಹೇಗೋ ನುಸುಳಿ ಗೂಡಿನ ಮೇಲೆ ಇಳಿಯಿತು. ಮೇಲೆ ಹುಡುಕಿತು, ಬಾಗಿಲಿಲ್ಲ. ಪಕ್ಕದಲ್ಲಿ ಹುಡುಕಿತು, ಬಾಗಿಲಿಲ್ಲ. "ಇದೆಂಥಾ ಮನೆ ಮಾರಾಯ್ರೇ!" ಅನ್ನುವಷ್ಟರಲ್ಲಿ ಗಾಳಿ ಗೂಡನ್ನು ಒಂದು ಸಲ ಜೀಕಿತು. ದುಡುಮ್!

"ಬೇಕಂತಲೇ ಕೆಳಗಿಟ್ಟೆ ಕಣೇ," ಅಂದ ಗೀಜಗ, ಎದೆ ಉಬ್ಬಿಸಿ.

"ಹೌದೌದು," ಅಂದಳು, ಮೊಟ್ಟೆಗಳ ಮೇಲೆ ಬೆಚ್ಚಗೆ ಕೂತು.

ನಿಜ ಹೇಳಿಬಿಡ್ತೀನಿ: ಹಾವು ಬಾವಿಗೆ ಬಿದ್ದದ್ದು ನಾನೇ ಸೇರಿಸಿದ್ದು, ಕಥೆ ಹೇಳುತ್ತಿದ್ದ ಅಜ್ಜಿ ಅಷ್ಟೊತ್ತಿಗೆ ಗೊರಕೆ ಹೊಡೀತಿದ್ದಳು. ಆದರೆ ಮಾವಿನ ಮರ, ಬೇಲಿ, ಬಾವಿ ಎಲ್ಲ ಸುತ್ತಿ ನೋಡಿ, ಗೀಜಗನ ಹೆಂಡತಿ ಬೇಡ ಅಂದ ಅರ್ಧ ಗೂಡುಗಳು ಇವತ್ತಿಗೂ ಖಾಲಿ ತೂಗುತ್ತವೆ, ಹೂಂ ಅಂದ ಗೂಡಿನ ಬಾಗಿಲು ಇವತ್ತಿಗೂ ಕೆಳಗೇ ಇದೆ.