ಹೇರ್‌ಪಿನ್ನಿಗೆ ಕುಂಕುಮ

ಹೊಳೆಯ ದಂಡೆಯ ಮೇಲೆ ಸಿಂಗ್ರಾಚಾರ್ ಮೇಷ್ಟ್ರ ಮನೆ. ಮನೆಯ ಹಿಂದೆ ಹಳೆಯದೊಂದು ಕೊಟ್ಟಿಗೆ. ಅದರಲ್ಲಿ ದನವಿಲ್ಲ. ಗೋದಲಿಯಲ್ಲಿ ಹುಲ್ಲಿನ ಬದಲು ಸ್ಪ್ಯಾನರುಗಳು, ಹಸು ಕಟ್ಟುತ್ತಿದ್ದ ಜಾಗದಲ್ಲಿ ಮೇಷ್ಟ್ರ ಹಳೇ ಸ್ಪೋರ್ಟ್ಸ್ ಕಾರು.

ಆ ಕಾರನ್ನು ಅವರು ಎಂದೂ ಯಾವ ಗ್ಯಾರೇಜಿಗೂ ಬಿಟ್ಟವರಲ್ಲ. ಅದರ ಒಂದೊಂದು ತಿರುಪೂ ಅವರ ಕೈಯದೇ. ಊರಿನವರು ತಮಾಷೆಗೆ ಕೊಟ್ಟಿಗೆಯನ್ನು ಆಶ್ರಮ ಎನ್ನುತ್ತಿದ್ದರು. ಕಲಿಯಲು ಬಂದವರು ಕೆಲವು ದಿನ ಅಲ್ಲಿದ್ದ ಮೇಲೆ ತಮಾಷೆ ಬಿಟ್ಟು ಹಾಗೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಇನ್ನೊಂದು ಕಾರು ಬಂತು. ಎರಡೇ ಸೀಟು, ಮೇಲೆ ಮುಚ್ಚಿಗೆಯಿಲ್ಲ, ಹಸಿರು ಬಣ್ಣ ಅಲ್ಲಲ್ಲಿ ಮಂಕಾಗಿತ್ತು. ಸ್ಟೀರಿಂಗ್ ಹಿಡಿದು ಕೂತಿದ್ದವನು ನಾಗಭೂಷಣ. ಹೈಸ್ಕೂಲಿನಲ್ಲಿ ಮೇಷ್ಟ್ರ ಹತ್ತಿರ ವಿಜ್ಞಾನ ಕಲಿತವನು. ಈಗ ಅವನ ತಲೆಯೂ ನರೆತಿತ್ತು.

“ಏನಾಗಬೇಕು?” ಎಂದರು ಮೇಷ್ಟ್ರು.

“ಓಡಬೇಕು ಮೇಷ್ಟ್ರೇ. ಅಪ್ಪನ ಕಾರು. ಅವರು ಹೋದ ಮೇಲೆ ರಸ್ತೆಗೆ ಇಳಿದಿಲ್ಲ. ಆಯುಧಪೂಜೆ ದಿನ ತೊಳೆದು, ಸ್ಟಾರ್ಟ್ ಮಾಡಿ, ನಿಲ್ಲಿಸ್ತಿದ್ವಿ. ಈ ಸಲ ಸ್ಟಾರ್ಟೂ ಆಗಲಿಲ್ಲ.”

“ಇಷ್ಟು ವರ್ಷ ಇಲ್ಲದ ಅವಸರ ಈಗೇನು?”

“ಅಮ್ಮ ಕೇಳ್ತಿದ್ದಾರೆ.”

ಅವನ ತಾಯಿ ಸರ್ವಮಂಗಳಮ್ಮನವರಿಗೆ ಎಂಬತ್ತು ದಾಟಿತ್ತು. ಗಂಡನ ಪಕ್ಕದಲ್ಲಿ ಕೂತು ಬೆಟ್ಟದ ರಸ್ತೆ ಹತ್ತಿದ ಹಾಗೆ ಇನ್ನೊಂದು ಸಲ ಹತ್ತಬೇಕೆಂಬುದು ಅವರ ಆಸೆ. “ಇದರಲ್ಲಿ ನನ್ನನ್ನ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀಯೋ, ಸೀದಾ ಕೈಲಾಸಕ್ಕೇ ಕಳಿಸ್ತೀಯೋ, ಯಾವುದಾದರೂ ಒಂದು ಬೇಗ ಮಾಡಪ್ಪ” ಎಂದು ಮಗನನ್ನು ಚುಚ್ಚುತ್ತಿದ್ದರು. ಹೇಳುವಾಗ ನಗುತ್ತಿದ್ದರು. ಆದರೆ ಈಚೆಗೆ ಮೆಟ್ಟಿಲಿಳಿಯಲು ಅವರಿಗೆ ಮಗನ ಭುಜ ಬೇಕಾಗುತ್ತಿತ್ತು. ನಾಗಭೂಷಣನಿಗೆ ನಗು ಬರುತ್ತಿರಲಿಲ್ಲ.

ಇದನ್ನೆಲ್ಲ ಕೇಳಿಸಿಕೊಂಡು ಮೇಷ್ಟ್ರು ಕಾರನ್ನು ಒಂದು ಸುತ್ತು ಬಂದರು.

“ಓಡೋದೇನು ದೊಡ್ಡದಲ್ಲ ಕಣಯ್ಯ. ಗುಡ್ಡದ ಮೇಲಿಂದ ತಳ್ಳಿದರೆ ಬಂಡೆಗಲ್ಲೂ ಓಡುತ್ತೆ. ನಿಲ್ಲಬೇಕೋ ಬೇಡವೋ?”

“ನಿಲ್ಲಬೇಕು.”

“ಹಾಗಾದರೆ ಬ್ರೇಕಿನಿಂದ ಶುರು ಮಾಡು. ಕೈ ನಿನ್ನದು, ಕಣ್ಣು ನನ್ನದು. ರಸ್ತೆಗೆ ಯಾವಾಗ ಅಂತ ಮಾತ್ರ ಕೇಳಬೇಡ. ಅದನ್ನ ನಾನು ಹೇಳಬೇಕು.”

“ಆಗಲಿ ಮೇಷ್ಟ್ರೇ.”

ಮಾರನೇ ದಿನ ಬಂದವನ ಕೈಗೆ ಮೇಷ್ಟ್ರು ಕೊಟ್ಟದ್ದು ಸ್ಪ್ಯಾನರ್ ಅಲ್ಲ, ಪೊರಕೆ.

“ನೆಲ ಗುಡಿಸೋದು ಯಾಕೆ? ಸಂಜೆ ಹೇಗೂ ಎಣ್ಣೆ ಚೆಲ್ಲುತ್ತೆ.”

ಮೇಷ್ಟ್ರು ಜೇಬಿನಿಂದ ಸಣ್ಣದೊಂದು ವಾಷರ್ ತೆಗೆದು ಕಸದ ಮೇಲೆ ಬೀಳಿಸಿದರು. “ಹುಡುಕು” ಎಂದು ಕಾಫಿಗೆ ಹೋದರು.

ನಾಗಭೂಷಣ ಮಂಡಿಯೂರಿ ಹುಡುಕಿದ. ಕಾಫಿಯಾಗಿ, ಸ್ನಾನವಾಗಿ, ಮೇಷ್ಟ್ರು ನಾಮ ಇಟ್ಟುಕೊಂಡು ಬಂದರೂ ಅವನು ಹುಡುಕುತ್ತಲೇ ಇದ್ದ. ಕೊನೆಗೆ ಎದ್ದು ಪೊರಕೆ ಹಿಡಿದ. ಗುಡಿಸಿದ ಕಸದಲ್ಲಿ ವಾಷರ್ ಸಿಕ್ಕಿತು. ಆಮೇಲೆ ಅವನು ನೆಲ ಗುಡಿಸುವುದು ಯಾಕೆಂದು ಕೇಳಲಿಲ್ಲ.

ಕೆಲಸ ಸಾಗಿತು. ಬಿಚ್ಚಿದ ಭಾಗವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ, ಮೇಷ್ಟ್ರ ಹಳೇ ಬಿಳಿ ಪಂಚೆಯ ಮೇಲೆ ಸಾಲಾಗಿ ಇಡಬೇಕು. ಜೋಡಿಸುವಾಗ ಸಾಲಿನ ಕೊನೆಯಿಂದ ಹಿಂದಕ್ಕೆ ಬರಬೇಕು. ಪಂಚೆಯ ಮೇಲೆ ಏನಾದರೂ ಉಳಿಯಿತೋ, ಮತ್ತೆ ಮೊದಲಿಂದ.

ಒಂದು ದಿನ ಸ್ಪ್ಯಾನರ್ ಜಾರಿ ಬೆರಳು ತರಚಿತು. ನಾಗಭೂಷಣ ಹಲ್ಲು ಕಚ್ಚಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಬೋಲ್ಟು ಬಿಗಿದ.

“ಬಿಚ್ಚು.”

“ಚೆನ್ನಾಗಿ ಬಿಗಿಯಾಗಿದೆಯಲ್ಲ ಮೇಷ್ಟ್ರೇ?”

“ಅದಕ್ಕೇ ಬಿಚ್ಚು ಅಂದಿದ್ದು. ಸಿಟ್ಟಿನಲ್ಲಿ ಬಿಗಿದ ಬೋಲ್ಟು ಸಮಯ ನೋಡಿ ಸೇಡು ತೀರಿಸ್ಕೊಳ್ಳುತ್ತೆ.”

ಎಂಜಿನ್ನಿಗೆ ಜೀವ ಬಂದ ದಿನ ಮೇಷ್ಟ್ರ ಕೈಚಳಕ ನೋಡಿ ನಾಗಭೂಷಣ ಉಸಿರು ಹಿಡಿದು ನಿಂತುಬಿಟ್ಟ. ಆ ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಉಣಿಸುವ ಕಾರ್ಬುರೇಟರ್ ಎರಡು. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಮೇಷ್ಟ್ರು ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಮೊದಲು ಈ ಬಾಯಿಗೆ, ಆಮೇಲೆ ಆ ಬಾಯಿಗೆ ಹಿಡಿದರು. ಕಣ್ಣು ಮುಚ್ಚಿದ್ದರು. ತಂಬೂರಿಯ ಮಣಿ ಸರಿಸುವಷ್ಟೇ ಮೆಲ್ಲಗೆ ಒಂದು ತಿರುಪು ತಿರುಗಿಸಿದರು. ಕುಂಟುತ್ತಿದ್ದ ಎಂಜಿನ್ ನಿದ್ದೆ ಹೋದ ಮಗುವಿನ ಹಾಗೆ ಉಸಿರಾಡತೊಡಗಿತು.

“ಇದನ್ನ ಎಲ್ಲಿ ಕಲಿತಿರಿ ಮೇಷ್ಟ್ರೇ?”

“ಕೆಡಿಸಿ ಕೆಡಿಸಿ” ಎಂದರು ಮೇಷ್ಟ್ರು. ಕಣ್ಣು ತೆರೆದವರ ದೃಷ್ಟಿ ಎರಡು ಕಾರ್ಬುರೇಟರುಗಳ ನಡುವೆ ಒಂದು ಕಡೆ ನಿಂತಿತು. “ಎಲ್ಲ ತೊಳೆದಿದ್ದೀಯ. ಈ ಕೆಂಪು ಗಡ್ಡೆ ಯಾಕೆ ಬಿಟ್ಟೆ?”

ಆಕ್ಸಿಲರೇಟರಿನ ಸರಳು ಕಾರ್ಬುರೇಟರಿಗೆ ಸೇರುವ ಕೀಲಿನ ಮೇಲೆ ಕುಂಕುಮ, ಅರಿಶಿನ, ಗಂಧ ಎಲ್ಲ ಎಣ್ಣೆಯಲ್ಲಿ ಕಲೆತು, ಒಣಗಿ, ಮೇಣದ ಮುದ್ದೆಯ ಹಾಗೆ ಕೂತಿತ್ತು.

“ಅದೊಂದನ್ನ ಮುಟ್ಟಬೇಡಿ. ಅದರೊಳಗೆ ಅಮ್ಮನ ಹೇರ್‌ಪಿನ್ ಇದೆ.”

“ಹೇರ್‌ಪಿನ್ನಾ?”

“ಬೆಟ್ಟದಿಂದ ಇಳಿಯೋವಾಗ ಈ ಕೀಲಿನ ಪಿನ್ ಎಲ್ಲೋ ಬಿದ್ದುಹೋಯ್ತಂತೆ. ಕಾರು ನಿಂತುಬಿಡ್ತು. ಅಪ್ಪ ಅಮ್ಮನ ಜಡೆಯಿಂದ ಹೇರ್‌ಪಿನ್ ಕಿತ್ತು, ಬಗ್ಗಿಸಿ ಇಲ್ಲಿಗೆ ಹಾಕಿ ಮನೆವರೆಗೂ ಓಡಿಸಿಕೊಂಡು ಬಂದರಂತೆ. ಅದಾಗಿ ಒಂದು ತಿಂಗಳೂ ಆಗಲಿಲ್ಲ, ರಾತ್ರಿ ಮಲಗಿದವರು ಏಳಲಿಲ್ಲ. ಅವರ ಕೈ ಕೊನೇ ಸಲ ಆಡಿದ್ದು ಇಲ್ಲೇ. ಅದಕ್ಕೇ ಪ್ರತಿ ಆಯುಧಪೂಜೆಗೂ ಮೊದಲ ಕುಂಕುಮ ಇದಕ್ಕೇ.”

ಮೇಷ್ಟ್ರು ಬಗ್ಗಿ ಆ ಗಡ್ಡೆಯನ್ನು ಹತ್ತಿರದಿಂದ ನೋಡಿದರು.

“ಸರಿ. ಕಾರು ನಿನ್ನದು. ಬಾ, ಒಂದು ಸುತ್ತು ಹೋಗಿಬರೋಣ. ನಾನೂ ಪಕ್ಕದಲ್ಲಿ ಕೂರ್ತೀನಿ.”

ಹೊಳೆಯ ಪಕ್ಕದ ರಸ್ತೆ ನೇರವಾಗಿತ್ತು, ಖಾಲಿಯಾಗಿತ್ತು. ಕಾರು ಗಾಳಿಗೆ ಎದೆ ಕೊಟ್ಟು ಹೊರಟಿತು. ನಾಗಭೂಷಣನಿಗೆ ಅಪ್ಪನ ಪಕ್ಕದಲ್ಲಿ ಕೂತ ಎಳೆಯ ದಿನಗಳು ಮರಳಿದವು.

“ಇನ್ನೂ ಒತ್ತು” ಎಂದರು ಮೇಷ್ಟ್ರು.

ಒತ್ತಿದ.

“ಪೂರ್ತಿ ಒತ್ತು. ಬೆಟ್ಟದ ಏರಿನಲ್ಲಿ ಒತ್ತೋ ಹಾಗೆ.”

ಎಂಜಿನ್ ಹಾಡಿತು.

“ಈಗ ಕಾಲು ಎತ್ತು.”

ಎತ್ತಿದ. ಎಂಜಿನ್ ಇಳಿಯಲಿಲ್ಲ. ಕಾರು ಇನ್ನೂ ಮುನ್ನುಗ್ಗಿತು. ಎದುರಿಗೆ ಸೇತುವೆಯ ಕಲ್ಲುಗೋಡೆ ಬೆಳೆಯುತ್ತಾ ಬಂತು.

“ಎತ್ತಿದ್ದೀನಿ ಮೇಷ್ಟ್ರೇ! ಕಾಲು ಎತ್ತಿದ್ದೀನಿ!”

“ಬ್ರೇಕ್!”

ಅವನು ಬ್ರೇಕು ತುಳಿಯುವ ಹೊತ್ತಿಗೆ ಮೇಷ್ಟ್ರು ಕೀ ತಿರುಗಿಸಿಯಾಗಿತ್ತು. ಕಾರು ಗೋಡೆಯ ಮುಂದೆ ಬಂದು ನಿಂತಿತು. ಹೊಳೆಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

ಆಗ ನಾಗಭೂಷಣನಿಗೆ ನೆನಪಾಯಿತು. ಕೊಟ್ಟಿಗೆ ಬಿಟ್ಟ ಹೊತ್ತಿನಿಂದ ಮೇಷ್ಟ್ರ ಬಲಗೈ ಆ ಕೀ ಬಿಟ್ಟು ಕದಲಿರಲಿಲ್ಲ.

ಬಾನೆಟ್ ಎತ್ತಿದರು. ಎಂಜಿನ್ನಿನ ಬಿಸಿಗೆ ಗಡ್ಡೆ ಮೆತ್ತಗಾಗಿ ಕೀಲನ್ನು ಅಂಟಿನ ಹಾಗೆ ಹಿಡಿದಿತ್ತು. ಅದರ ನಡುವೆ ಇಣುಕುತ್ತಿದ್ದ ಹೇರ್‌ಪಿನ್ ಒಂದು ಕಡೆ ತುಕ್ಕು ತಿಂದು ದಾರದಷ್ಟಾಗಿತ್ತು.

“ನೀನು ಕಾಲು ಎತ್ತಿದೆ. ಅದಕ್ಕೆ ಕೇಳಿಸಲಿಲ್ಲ” ಎಂದರು ಮೇಷ್ಟ್ರು. “ಕೇಳಿಸೋದು ಹೇಗೆ? ಕಿವಿ ತುಂಬಾ ಕುಂಕುಮ.”

ನಾಗಭೂಷಣ ಕಾರಿನ ಕಡೆ ತಿರುಗಿ ನೋಡಿದ. ಪಕ್ಕದ ಸೀಟಿನಲ್ಲಿ ಮೇಷ್ಟ್ರ ಬದಲು ಅಮ್ಮ ಕೂತಿದ್ದರೆ? ಅವರ ಕೈ ಕೀಗೆ ಹೋಗುತ್ತಿತ್ತೇ? ಆದರೂ ಅವನು ಪಟ್ಟು ಬಿಡಲಿಲ್ಲ.

“ಪೆಟ್ರೋಲಿನಲ್ಲಿ ಚೆನ್ನಾಗಿ ತೊಳೀತೀನಿ. ಇನ್ಮೇಲೆ ಕುಂಕುಮ ಹಚ್ಚಲ್ಲ. ಹೇರ್‌ಪಿನ್ ಮಾತ್ರ ಅಲ್ಲೇ ಇರಲಿ. ಅದನ್ನ ಕಿತ್ತರೆ ಅಪ್ಪನ ಕೈಯನ್ನೇ ಕಿತ್ತ ಹಾಗೆ ಮೇಷ್ಟ್ರೇ.”

“ಹೇರ್‌ಪಿನ್ ಯಾರದು?”

“ಅಮ್ಮನದು.”

“ಅವರನ್ನ ಕೇಳಿದ್ದೀಯಾ?”

“ಏನಂತ ಕೇಳಲಿ?”

“ಅಷ್ಟೂ ಗೊತ್ತಿಲ್ಲದೆ ಪೂಜೆ ಮಾಡಿದೆಯಾ? ಹೋಗು. ಕೇಳ್ಕೊಂಡು ಬಾ.”

ಸರ್ವಮಂಗಳಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಗ ಪಕ್ಕದಲ್ಲಿ ಕೂತು, ತಡವರಿಸಿ, ಹೇರ್‌ಪಿನ್ನಿನ ಮಾತೆತ್ತಿದ.

“ಅಯ್ಯೋ, ಅದು ಇನ್ನೂ ಅಲ್ಲೇ ಇದೆಯೇನೋ?” ಎಂದು ಅವರು ನಕ್ಕರು. “ಅವತ್ತು ದಾರಿಯುದ್ದಕ್ಕೂ ನನ್ನ ಕೂದಲು ಗಾಳಿಗೆ ಹಾರಿ ಕಣ್ಣಿಗೆ ಬಾಯಿಗೆಲ್ಲ ಬರ್ತಿತ್ತು. ಬೈಯ್ತಾನೇ ಇದ್ದೆ. ನಿಮ್ಮಪ್ಪ ಏನಂದ್ರು ಗೊತ್ತಾ? ‘ಮನೆಗೆ ಹೋಗಿ ಸರಿಯಾದ ಪಿನ್ ಹಾಕ್ತೀನಿ ಕಣೇ, ಆಮೇಲೆ ಇದನ್ನ ನಿನ್ನ ಜಡೆಗೆ ನಾನೇ ಸಿಕ್ಕಿಸ್ತೀನಿ’ ಅಂದ್ರು. ಮನೆಗೆ ಬಂದ್ರೆ ನೆಂಟರು. ನಾಳೆ ಅಂದ್ರು, ನಾಡಿದ್ದು ಅಂದ್ರು. ಆಮೇಲೆ ನಾಳೆ ಅನ್ನೋದಕ್ಕೂ ಅವರೇ ಇರಲಿಲ್ಲ.”

“ಇಷ್ಟು ವರ್ಷ ನನಗೆ ಯಾಕಮ್ಮ ಹೇಳಲಿಲ್ಲ?”

“ನೀನು ಅದಕ್ಕೆ ಮಂಗಳಾರತಿ ಎತ್ತುತ್ತಿದ್ಯಲ್ಲೋ. ಗರ್ಭಗುಡಿಗೆ ನುಗ್ಗಿ ನನ್ನ ಹೇರ್‌ಪಿನ್ ಕೊಡಿ ಅಂತ ಕೇಳೋಕಾಗುತ್ತಾ?”

ಅವರ ಕೈ ಅವರೆಕಾಯಿ ಬಿಟ್ಟು, ಅವರಿಗೇ ತಿಳಿಯದ ಹಾಗೆ, ಬೆಳ್ಳಗಾದ ತುರುಬಿನ ಹತ್ತಿರ ಹೋಗಿ ಬಂತು. ನಾಗಭೂಷಣ ಅದನ್ನು ನೋಡಿದ. ಊಟಕ್ಕೂ ನಿಲ್ಲದೆ ಎದ್ದ.

ಅಮ್ಮ ಆಡಿದ ಮಾತನ್ನು ಅವನು ಒಂದಕ್ಷರ ಬಿಡದೆ ಮೇಷ್ಟ್ರಿಗೆ ಹೇಳಿದ. ಮೇಷ್ಟ್ರು ಗೋದಲಿಯಿಂದ ಒಂದು ಉಕ್ಕಿನ ಕಡ್ಡಿ, ಒಂದು ಅರ ತೆಗೆದು ಅವನ ಮುಂದಿಟ್ಟರು.

“ದಾರೀಲಿ ಮಾಡಬೇಕಾದ್ದನ್ನ ನಿಮ್ಮಪ್ಪ ಮಾಡಿದ್ದಾರೆ. ಮನೇಲಿ ಮಾಡಬೇಕಾದ್ದು ಬಾಕಿ ಇದೆ.”

ನಾಗಭೂಷಣ ಕಡ್ಡಿಯನ್ನು ತುಂಡು ಮಾಡಿ, ಅರದಿಂದ ಉಜ್ಜಿ ಪಿನ್ ಮಾಡಿದ. ಮೇಷ್ಟ್ರು ಬೆರಳ ನಡುವೆ ಹೊರಳಿಸಿ ನೋಡಿದರು.

“ಹೊರಗೆ ಕಾಣೋ ತಲೆ ಕನ್ನಡಿ ಹಾಗಿದೆ. ಕೀಲಿನೊಳಗೆ ಹೋಗೋ ಮೈ ಒರಟು. ಇದನ್ನ ಕಾರಿಗೆ ಮಾಡಿದೆಯೋ, ನೋಡೋರಿಗೆ ಮಾಡಿದೆಯೋ?”

ಇನ್ನೊಂದು ಮಾಡಿದ. ಅದು ಸ್ವಲ್ಪ ಸಡಿಲ. ಮತ್ತೊಂದು ಮಾಡಿದ. ಬೆರಳಲ್ಲಿ ಬೊಬ್ಬೆ ಎದ್ದವು. ಅವನು ಯಾವಾಗ ಮುಗಿಯುತ್ತದೆಂದು ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಕೊನೆಗೊಂದು ಪಿನ್ನನ್ನು ಅವರು ಹೊರಳಿಸಿ ನೋಡಿ, ಬಿಳಿ ಪಂಚೆಯ ಮೇಲಿಟ್ಟರು.

“ಹಳೇದನ್ನ ನೀನೇ ತೆಗಿ.”

ನಾಗಭೂಷಣ ಕುಂಕುಮದ ಗಡ್ಡೆಯನ್ನು ಒಡೆದು, ಹೇರ್‌ಪಿನ್ನನ್ನು ಮೆಲ್ಲಗೆ ಬಿಡಿಸಿಕೊಂಡ. ಸೀಮೆಎಣ್ಣೆಯ ಬಟ್ಟಲಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜಿದ. ಎಣ್ಣೆ ಕೆಂಪಾಯಿತು. ಪದರ ಪದರವಾಗಿ ಆಯುಧಪೂಜೆಗಳು ಕಳಚಿಕೊಂಡವು. ಒಳಗಿನ ತಂತಿ ಕಂಡಿತು.

ಅವನು ಅದನ್ನು ಬೆಳಕಿಗೆ ಹಿಡಿದ.

ತಂತಿಗೆ ಎರಡು ಕಡೆ ಬಾಗು. ಎರಡೂ ಅಳೆದಿಟ್ಟ ಹಾಗೆ ಒಂದೇ ಸಮ. ಕೀಲು ಎಷ್ಟು ಅಲುಗಬೇಕೋ ಅಷ್ಟಕ್ಕೆ ಜಾಗ ಬಿಟ್ಟು, ತುದಿಯನ್ನು ಒಳಕ್ಕೆ ಮಡಚಿತ್ತು, ಯಾರ ಕೈಗೂ ಚುಚ್ಚದ ಹಾಗೆ.

“ಇದನ್ನ ನಾನು ಯಾವತ್ತೂ ನೋಡೇ ಇರಲಿಲ್ಲ ಮೇಷ್ಟ್ರೇ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಕಾರಿನ ಕೆಲಸದಲ್ಲಿ ಅವರು ಯಾರನ್ನೂ ಹೊಗಳಿದ್ದನ್ನು ಆಶ್ರಮದಲ್ಲಿ ಕೇಳಿದವರಿಲ್ಲ.

“ರಸ್ತೆ ಬದೀಲಿ, ಕೈಯಲ್ಲಿ ಇಕ್ಕಳ ಕೂಡ ಇಲ್ಲದೆ…” ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. “ನಿಮ್ಮಪ್ಪ ಬಲ್ಲವರು ಕಣಯ್ಯ. ನನ್ನ ಕೈಲಿ ಆಗ್ತಿರಲಿಲ್ಲ.”

ಹೊಸ ಪಿನ್ ಕೀಲಿನಲ್ಲಿ ಕೂತಿತು. ನಾಗಭೂಷಣ ಅಲ್ಲೊಂದು ಹನಿ ಎಣ್ಣೆ ಬಿಟ್ಟ, ಬೇರೇನೂ ಹಚ್ಚಲಿಲ್ಲ. ಇಬ್ಬರೂ ಮತ್ತೆ ಹೊಳೆಯ ಪಕ್ಕದ ರಸ್ತೆಗೆ ಹೋದರು. ಪೂರ್ತಿ ಒತ್ತಿದ, ಕಾಲು ಎತ್ತಿದ. ಎಂಜಿನ್ ನಿಟ್ಟುಸಿರು ಬಿಟ್ಟ ಹಾಗೆ ತಗ್ಗಿತು. ಒತ್ತಿದ, ಎತ್ತಿದ. ಪ್ರತಿ ಸಲವೂ ತಗ್ಗಿತು. ಹಿಂತಿರುಗುವಾಗ ಅವನು ಓರೆಗಣ್ಣಲ್ಲಿ ನೋಡಿದ. ಮೇಷ್ಟ್ರ ಬಲಗೈ ತೊಡೆಯ ಮೇಲಿತ್ತು.

ಕೊಟ್ಟಿಗೆಯ ಮುಂದೆ ಮೇಷ್ಟ್ರು ಇಳಿದರು. ಹೇರ್‌ಪಿನ್ನನ್ನು ಪಂಚೆಯ ತುದಿಯಿಂದ ಒರೆಸಿ, “ಅಮ್ಮನ ತುರುಬಿಗೆ” ಎಂದು ನಾಗಭೂಷಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಆಮೇಲೆ ಹೋಗಿ ರಸ್ತೆಯ ಕಡೆಯ ಗೇಟನ್ನು ತಾವೇ ತೆರೆದರು.

ನಾಗಭೂಷಣ ಕಣ್ಣೊರೆಸಿಕೊಂಡ.

“ಮೇಷ್ಟ್ರೇ, ಕಾರು ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಒಂದು ಒಳ್ಳೇ ಹೊತ್ತು ನೋಡಿಕೊಂಡು ಹೊರಡಲಾ?”

“ಹೊತ್ತು ನೋಡಬೇಡ, ಹೊರಡು. ನಿಮ್ಮಪ್ಪ ಇನ್ನೂ ದಾರೀಲೇ ಇದ್ದಾರೆ.”