ಕಡಲ ಎಲ್ಲೆ

“ಅಯ್ಯನವರೇ,” ಎಂದು ನೆಹೆಮೀಯನೆಂಬ ಶಿಷ್ಯ ಕೇಳಿದ, “ದೇವರು ಕಡಲಿಗೆ ಮರಳಿನ ಎಲ್ಲೆ ಹಾಕಿದ್ದಾನೆ, ಕಡಲು ಅದನ್ನು ದಾಟಲಾರದು ಎಂದು ಶಾಸ್ತ್ರ ಒಂದು ಕಡೆ ಹೇಳುತ್ತದೆ. ಇನ್ನೊಂದು ಕಡೆ, ಅವನೇ ಕಡಲ ನೀರನ್ನು ಕರೆದು ನೆಲದ ಮೇಲೆ ಸುರಿಯುತ್ತಾನೆ ಎನ್ನುತ್ತದೆ. ಯಾವುದನ್ನು ನಂಬಲಿ?”

ಗುರುಗಳು ಹೇಳಿದರು:

ಕಡಲ ದಂಡೆಯಲ್ಲಿ ಉಪ್ಪು ತೆಗೆಯುವ ಒಬ್ಬ ಹೆಂಗಸಿದ್ದಳು. ಗಂಡ, ಏಳು ವರ್ಷದ ಮಗಳು, ಒಂದು ಗುಡಿಸಲು. ಒಂದು ಬೇಸಿಗೆಯ ಕೊನೆಗೆ ಕಡಲು ಉಬ್ಬತೊಡಗಿತು. ನೆರೆಯವರು ಗಂಟುಮೂಟೆ ಕಟ್ಟಿ ಗುಡ್ಡ ಹತ್ತಿದರು. ಗಂಡನೂ ಹೊರಡೋಣ ಎಂದ. ಆಕೆ ಒಪ್ಪಲಿಲ್ಲ.

“ಎಲ್ಲೆ ಹಾಕಿದವನು ಅವನು. ಅವನ ಮಾತು ಮೀರಿ ನೀರು ಬಂದೀತೇ?”

ಗಂಡ ಮಗಳನ್ನು ಕರೆದುಕೊಂಡು ಉಪ್ಪಿನ ರಾಶಿಗೆ ತೆಂಗಿನ ಗರಿ ಮುಚ್ಚಲು ಹೋದ. ಮಧ್ಯಾಹ್ನ ಕಡಲು ಒಡ್ಡು ಒಡೆದು ನುಗ್ಗಿತು. ಆಕೆ ಒಂದು ಮರವನ್ನು ತಬ್ಬಿ ಉಳಿದಳು. ಗಂಡನ ಹೆಣ ಮೂರನೆಯ ದಿನ ಸಿಕ್ಕಿತು. ಮಗಳದು ಸಿಗಲಿಲ್ಲ.

ಆಕೆ ಅಲ್ಲಿಯೇ ಮತ್ತೆ ಗುಡಿಸಲು ಕಟ್ಟಿದಳು. ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟಳು. ಆದರೆ ದೇವರನ್ನು ಬೈಯಲಿಲ್ಲ. ಸಭೆಯ ಹಿರಿಯರು ವಿಚಾರಿಸಲು ಬಂದಾಗ, “ಪಾಪ, ಅವನ ಕೈಲಿ ಆಗಲಿಲ್ಲ. ನನ್ನ ಹಾಗೆ ಅವನೂ ಎಲ್ಲೋ ನಿಂತು ಕೂಗಿಕೊಂಡಿರಬೇಕು,” ಎಂದಳು. ಹಿರಿಯರಿಗೆ ಅದು ದೇವದೂಷಣೆಯಾಗಿ ಕೇಳಿಸಿತು. ಆಕೆ ಮಾತ್ರ ಆ ಮಾತನ್ನೇ ಹಿಡಿದುಕೊಂಡು ಒಂಬತ್ತು ವರ್ಷ ಉಂಡಳು, ದುಡಿದಳು, ನಿದ್ದೆ ಮಾಡಿದಳು.

ಹತ್ತನೆಯ ವರ್ಷ ಕಡಲು ಮತ್ತೆ ಬಂತು. ಊರಿಗೆ ಊರೇ ಗುಡ್ಡ ಹತ್ತಿತು. ಆಕೆ ಹೋಗಲಿಲ್ಲ. ಸಾಕಾಗಿತ್ತು. ಬಾಗಿಲು ತೆರೆದು ಒಳಗೆ ಕುಳಿತಳು. ನೀರು ಒಡ್ಡು ದಾಟಿತು, ಅಂಗಳ ತುಂಬಿತು, ಹೊಸಿಲು ಮುಟ್ಟಿತು. ಅಲ್ಲಿಗೆ ನಿಂತಿತು. ಸ್ವಲ್ಪ ಹೊತ್ತು ನಿಂತು ಹಿಂದೆ ಸರಿಯಿತು. ಆಕೆಯ ಪಾದ ಕೂಡ ನೆನೆಯಲಿಲ್ಲ.

ಜನ ಗುಡ್ಡದಿಂದ ಓಡಿಬಂದರು. ಹಿರಿಯರು ಕಣ್ಣೀರು ಒರೆಸಿಕೊಳ್ಳುತ್ತ, “ನೋಡಿದೆಯಾ ತಾಯೀ, ನಿನ್ನ ಬಾಗಿಲಲ್ಲಿ ದೇವರು ಕಡಲನ್ನೇ ತಡೆದ!” ಎಂದರು.

ಆಕೆ ಹೊಸಿಲ ಮೇಲೆ ಉಳಿದ ನೊರೆಯನ್ನು ನೋಡುತ್ತಿದ್ದಳು.

“ಹಾಗಾದರೆ ಅವನ ಕೈಲಿ ಆಗುತ್ತಿತ್ತು,” ಎಂದಳು.

ಆಮೇಲೆ ಅತ್ತಳು. ಗಂಡನನ್ನು ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಮರುದಿನದಿಂದ ಕೆಲಸಕ್ಕೆ ಇಳಿಯಲಿಲ್ಲ. ಯಾರು ತಂದುಕೊಟ್ಟರೂ ಗಂಜಿ ಮುಟ್ಟಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು.

ನೆಹೆಮೀಯ ಕಾದ.

“ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ, ಅಯ್ಯನವರೇ. ಆ ಎರಡು ಮಾತಿನಲ್ಲಿ ಸುಳ್ಳು ಯಾವುದು?”

“ಒಂದಾದರೂ ಸುಳ್ಳಾಗಿದ್ದರೆ ಆಕೆ ಬದುಕುತ್ತಿದ್ದಳು.”