ಓಡದ ಓಟ

“ಬುದ್ಧಿ, ಒಬ್ಬನ ದಾರಿಗೆ ಇನ್ನೊಬ್ಬರು ಅಡ್ಡ ಬಂದರೆ, ಅವನಿಗಾದ ನಷ್ಟವನ್ನ ಅಳೆಯೋದು ಹೇಗೆ?” ಎಂದು ಗುರುಗಳನ್ನು ಪಂಚಾಕ್ಷರಿ ಕೇಳಿದ.

ಪಂಚಾಕ್ಷರಿ ಸಂಸ್ಕೃತ ಕಲಿಯಲೆಂದು ಮಠಕ್ಕೆ ಸೇರಿದವನು. ಸೇರಿದ ಮೇಲೆ ಉಗ್ರಾಣವೂ ಅವನ ಹೆಗಲಿಗೆ ಬಿತ್ತು. ಬೆಳಗಾದರೆ ಅಡುಗೆಯವರಿಗೆ ಅಕ್ಕಿ ಬೇಳೆ ಅಳೆದುಕೊಡಬೇಕು. ಅವನ ಜೊತೆಯವರು ಪರೀಕ್ಷೆ ಮುಗಿಸಿ ಕಾಶಿಗೂ ಹೋಗಿ ಬಂದಿದ್ದರು. ಇವನು ಮಾತ್ರ ತರ್ಕದ ಮೊದಲ ಪುಸ್ತಕದಲ್ಲೇ ಬಿಡಾರ ಹೂಡಿದ್ದ. ಅವರನ್ನು ಕಂಡಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

“ಈ ಉಗ್ರಾಣ ಒಂದಿಲ್ಲದಿದ್ದರೆ ಇಷ್ಟು ಹೊತ್ತಿಗೆ ನಾನೂ ವಿದ್ವಾನ್ ಆಗಿರ್ತಿದ್ದೆ ಬುದ್ಧಿ,” ಎಂದ.

ಗುರುಗಳು ಕೋಪಿಸಿಕೊಳ್ಳಲಿಲ್ಲ. “ಕೂತ್ಕೊ,” ಎಂದು ಕತೆ ಶುರುಮಾಡಿದರು.

ಒಂದು ಊರು. ಅಲ್ಲಿ ವರ್ಷಕ್ಕೊಮ್ಮೆ ಪೇಟೆಯವರಿಗೂ ಕೋಟೆಯವರಿಗೂ ಸಾಫ್ಟ್‌ಬಾಲ್ ಪಂದ್ಯ. ಆಟ ಸರಳವಾದದ್ದು. ಚೆಂಡು ಹೊಡೆದವನು ಮೈದಾನದ ಮೂಲೆಗಳಲ್ಲಿರುವ ಬೇಸುಗಳನ್ನು ಒಂದಾದಮೇಲೊಂದು ಮುಟ್ಟುತ್ತಾ ಓಡಿ, ಹೊರಟಲ್ಲಿಗೇ ಮರಳಬೇಕು. ಮರಳಿದರೆ ಒಂದು ರನ್. ಕೈಯಲ್ಲಿ ಚೆಂಡಿಲ್ಲದವರು ಓಡುವವನಿಗೆ ಅಡ್ಡ ನಿಲ್ಲುವ ಹಾಗಿಲ್ಲ. ನಿಂತರೆ, ಅಡ್ಡವಿಲ್ಲದಿದ್ದರೆ ಅವನು ಎಲ್ಲಿಯವರೆಗೆ ತಲುಪುತ್ತಿದ್ದ ಎಂದು ಅಂಪೈರ್ ಅಂದಾಜು ಮಾಡಿ, ಆ ಬೇಸನ್ನು ಅವನಿಗೆ ಕೊಡಬೇಕು. ನಡೆದದ್ದನ್ನು ನೋಡಿ ಹೇಳುವುದೇ ಕಷ್ಟ. ಪಾಪ, ಅಂಪೈರಿಗೆ ನಡೆಯದೇ ಇದ್ದದ್ದನ್ನೂ ಹೇಳುವ ಕರ್ಮ.

ಪೇಟೆಯವರ ತಂಡದಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮನುಷ್ಯ ಒಳ್ಳೆಯವನು, ಹೊಟ್ಟೆ ಮಾತ್ರ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಆ ಸಲ ಪೇಟೆಯವರು ಒಂದು ರನ್ನಿನಿಂದ ಹಿಂದಿದ್ದರು. ಕೊನೆಯ ಸರದಿಯಲ್ಲಿ ವ್ಯಾಪಾರಿ ಹೊಡೆದ ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಬೇಲಿಯ ಬುಡಕ್ಕೆ ಬಿತ್ತು. ಅವನು ಓಡಿದ. ಮೊದಲ ಬೇಸಿನ ಹತ್ತಿರ ಕೋಟೆಯವನೊಬ್ಬ ಚೆಂಡು ಎಲ್ಲಿ ಹೋಯಿತೆಂದು ಬಾಯಿ ಬಿಟ್ಟುಕೊಂಡು ದಾರಿಯಲ್ಲೇ ನಿಂತಿದ್ದ. ಇಬ್ಬರೂ ಡಿಕ್ಕಿ ಹೊಡೆದು ಮಗುಚಿಬಿದ್ದರು.

ಪಂಚಾಕ್ಷರಿ ತಲೆದೂಗಿದ. ಅಡ್ಡ ನಿಂತವನ ಮೇಲೆ ಅವನಿಗೆ ಆಗಲೇ ಸಿಟ್ಟು ಬಂದಿತ್ತು. ಕತೆ ತನ್ನ ಪರವಾಗಿಯೇ ಹೊರಟಿದೆ ಎಂದು ಅವನು ನೆಮ್ಮದಿಯಾಗಿ ಕುಳಿತ.

ಅಂಪೈರ್ ಕೈಯೆತ್ತಿ ವ್ಯಾಪಾರಿಗೆ ಎರಡನೆಯ ಬೇಸ್ ಕೊಟ್ಟ. ವ್ಯಾಪಾರಿ ಮಣ್ಣು ಕೊಡವಿಕೊಳ್ಳದೆಯೇ ಎದ್ದುಬಂದ.

“ಎರಡನೇದಾ? ಇವನು ಅಡ್ಡ ಬರದಿದ್ದರೆ ನಾನು ಪೂರಾ ಸುತ್ತು ಹೊಡೀತಿದ್ದೆ ಸ್ವಾಮಿ! ನಾನು ಎಲ್ಲಿಗೆ ತಲುಪ್ತಿದ್ದೆ ಅಂತ ನಿಮಗೇನು ಗೊತ್ತು?”

“ಅಡ್ಡ ಬಂದದ್ದು ನಿಜ, ಯಜಮಾನ್ರೇ. ಆದರೆ ಬೀಳೋಕೆ ಮುಂಚೆ ನೀವು ಓಡಿದ್ದನ್ನೂ ನಾನು ನೋಡಿದೀನಲ್ಲ,” ಎಂದ ಅಂಪೈರ್.

ಅವನ ನಂತರ ಹೊಡೆಯಲು ಬಂದವನು ಔಟಾದ. ಪೇಟೆಯವರು ಸೋತರು.

ಅಂದಿನಿಂದ ವ್ಯಾಪಾರಿಗೆ ಬೇರೆ ಮಾತಿಲ್ಲ. ಬೆಲ್ಲಕ್ಕೆ ಬಂದವರೆಲ್ಲ ಆ ಓಟದ ಕತೆ ಕೇಳಿಯೇ ಅಂಗಡಿಯಿಂದ ಇಳಿಯಬೇಕು. ಮೊದಮೊದಲು ಅವನು ಏದುಸಿರು ಬಿಡುತ್ತಾ ಹೇಗೋ ಸುತ್ತು ಮುಗಿಸುತ್ತಿದ್ದ. ಯುಗಾದಿಯ ಹೊತ್ತಿಗೆ ಆರಾಮಾಗಿ ಮುಗಿಸತೊಡಗಿದ. ದೀಪಾವಳಿ ಬರುವಷ್ಟರಲ್ಲಿ ಅವನು ಗಾಳಿಯ ಹಾಗೆ ಸುತ್ತಿ ಹೊರಟಲ್ಲಿಗೇ ಬಂದು ನಿಂತು, ಚೆಂಡು ಇನ್ನೂ ಯಾಕೆ ಬರಲಿಲ್ಲ ಎಂದು ತಿರುಗಿ ನೋಡುತ್ತಿದ್ದ. ಹೆಂಡತಿ ಮಾತ್ರ, ಸಂತೆಗೆ ಹೋಗಿಬರುವಾಗ ದಾರಿಯಲ್ಲಿ ಸಿಕ್ಕ ಕಟ್ಟೆಯ ಮೇಲೆಲ್ಲ ಕುಳಿತೇಳುವ ಗಂಡನನ್ನು ಬಲ್ಲವಳು, ಒಳಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಂಪೈರಂತೂ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟುಬಿಟ್ಟ.

ಮುಂದಿನ ವರ್ಷದ ಪಂದ್ಯ ಬಂತು. ಈ ಸಲವೂ ಕೊನೆಯ ಸರದಿ, ಪೇಟೆಯವರಿಗೆ ಒಂದೇ ಒಂದು ರನ್ ಬೇಕು, ಹೊಡೆಯಲು ಬಂದವನು ವ್ಯಾಪಾರಿಯೇ. ಕೋಟೆಯ ನಾಯಕ ವರ್ಷವೆಲ್ಲ ಆ ಕತೆ ಕೇಳಿ ಕೇಳಿ ಸಾಕಾಗಿಹೋಗಿದ್ದ. “ಯಾರೂ ದಾರೀಲಿ ನಿಲ್ಲಬೇಡಿ. ಸೋತರೂ ಚಿಂತೆಯಿಲ್ಲ, ಇವರ ಕೊರಗು ಹೋಗಲಿ,” ಎಂದು ತನ್ನವರಿಗೆ ಹೇಳಿದ.

ವ್ಯಾಪಾರಿ ಬೀಸಿದ. ಚೆಂಡು ಬೇಲಿ ನುಸುಳಿ ಲಂಟಾನದ ಪೊದೆಗೆ ನುಗ್ಗಿತು. ಕೋಟೆಯ ಇಬ್ಬರು ಪೊದೆಯೊಳಗೆ ತಡಕಾಡತೊಡಗಿದರು. ಉಳಿದವರು ಮದುವಣಿಗನಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತರು. ಪೇಟೆಯವರೆಲ್ಲ ಎದ್ದು ನಿಂತು “ಓಡಿ ಯಜಮಾನ್ರೇ, ಓಡಿ!” ಎಂದು ಕೂಗಿದರು.

ವ್ಯಾಪಾರಿ ಓಡಿದ. ಮೊದಲ ಬೇಸನ್ನು ಮುಟ್ಟಿದ. ಎರಡನೆಯದರ ಕಡೆ ತಿರುಗಿದ. ಅರ್ಧ ದಾರಿಯಲ್ಲಿ ಅವನ ಓಟ ನಡಿಗೆಯಾಯಿತು. ಇನ್ನಷ್ಟು ದೂರದಲ್ಲಿ ನಡಿಗೆಯೂ ನಿಂತಿತು. ಅವನು ಸೊಂಟದ ಮೇಲೆ ಕೈಯಿಟ್ಟು ಅತ್ತ ಇತ್ತ ನೋಡಿದ. ಅಂಪೈರ್ ಹೋದ ವರ್ಷ ಉದಾರವಾಗಿ ಕೊಟ್ಟಿದ್ದ ಎರಡನೆಯ ಬೇಸ್ ಇನ್ನೂ ಮುಂದೆ ಇತ್ತು. ದಾರಿ ಅಂಗೈಯಷ್ಟು ಚೊಕ್ಕಟವಾಗಿತ್ತು. ಎಲ್ಲಿ ನೋಡಿದರೂ ಒಬ್ಬನೂ ಅಡ್ಡವಿರಲಿಲ್ಲ. ಪೊದೆಯೊಳಗಿಂದ “ಸಿಕ್ಕಿತು, ಸಿಕ್ಕಿತು!” ಎಂಬ ಕೂಗು ಕೇಳಿತು.

ಪಕ್ಕಕ್ಕೆ ಸರಿದು ನಿಂತಿದ್ದ ಕೋಟೆಯವನೊಬ್ಬನನ್ನು ವ್ಯಾಪಾರಿ ಕೈಸನ್ನೆ ಮಾಡಿ ಕರೆದ.

“ಯಾಕಪ್ಪಾ ಅಷ್ಟು ದೂರ ನಿಂತಿದೀಯ? ನಿನ್ನ ದಮ್ಮಯ್ಯ, ಒಂಚೂರು ಈ ಕಡೆ ಬಾ. ಇಲ್ಲಿ, ದಾರೀಲಿ ನಿಂತ್ಕೊ.”

ಪಂಚಾಕ್ಷರಿಗೆ ನಗು ತಡೆಯಲಾಗಲಿಲ್ಲ. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಗುರುಗಳೂ ಅವನ ಜೊತೆ ನಕ್ಕರು. ಅವನು ಕಣ್ಣೊರೆಸಿಕೊಳ್ಳುವವರೆಗೂ ಕಾದು, ಮೆಲ್ಲಗೆ ಹೇಳಿದರು:

“ಉಗ್ರಾಣಕ್ಕೆ ನಾಳೆಯಿಂದ ಬೇರೆಯವರನ್ನ ಹಾಕಿದೀನಪ್ಪ, ನೀನು ಓದ್ಕೊ.”